ಜವರಮ್ಮ ಕುಯ್ದ ಬ್ರೊಕೊಲಿ

ನಮ್ಮೂರಿನಲ್ಲಿ ತಾನು ಬೆಳೆದದ್ದನ್ನು ತಾನೇ ಕೀಳುವ ಹಾಗಿಲ್ಲ. ಯಾರೂ ಬೇಡ ಅಂದಿದ್ದಲ್ಲ. ಕಿತ್ತರೆ ರುಚಿ ಇರುವುದಿಲ್ಲ, ಅಷ್ಟೇ. ನೀವೇ ಬೀಜ ಊರಿ, ನೀರು ಹೊಯ್ದು, ಗೊಬ್ಬರ ಕೊಟ್ಟು ಬೆಳೆಸಿದ ಬದನೆಯನ್ನು ನೀವೇ ಕಿತ್ತು ಎಣ್ಣೆಗಾಯಿ ಮಾಡಿದಿರೋ, ಒದ್ದೆ ಹತ್ತಿಯನ್ನು ಜಗಿದ ಹಾಗೆ. ಅದೇ ಗಿಡದ ಅದೇ ಕಾಯನ್ನು ಪಕ್ಕದ ಮನೆಯವಳು ಕಿತ್ತುಕೊಟ್ಟರೆ ಬೆರಳು ಚೀಪಬೇಕು, ಹಾಗಿರುತ್ತದೆ. ಒಂದೇ ಒಲೆಯ ಅನ್ನ ಉಣ್ಣುವ ಗಂಡ, ಮಕ್ಕಳು, ಅತ್ತೆ, ಯಾರ ಕೈಯೂ ನಡೆಯುವುದಿಲ್ಲ. ಉದ್ದನೆ ಬಿದಿರಿಗೆ ಕುಡುಗೋಲು ಕಟ್ಟಿ ದೂರದಿಂದ ಎಳೆದು ನೋಡಿದವರಿದ್ದಾರೆ, ಕೈಗೆ ಗೋಣಿ ಸುತ್ತಿಕೊಂಡು ನೋಡಿದವರಿದ್ದಾರೆ. ಮೇಲಿನ ಬೀದಿಯ ಒಬ್ಬ ಪುಣ್ಯಾತ್ಮ ತನ್ನ ಮೇಕೆಗೆ ಹುರುಳಿಕಾಯಿ ಬಿಡಿಸುವುದನ್ನು ಕಲಿಸಹೋದ. ಮೇಕೆ ಬೇಗ ಕಲಿತಿತು, ತೋಟವನ್ನೂ ಬೇಗ ಮುಗಿಸಿತು.

ಆದ್ದರಿಂದ ಇಲ್ಲಿ ಪ್ರತಿ ಮನೆಗೂ ಒಬ್ಬ ಕೈನೆಂಟಿ ಇರುತ್ತಾಳೆ. ಗೋಡೆ ಹಂಚಿಕೊಂಡ ಮನೆಯ ಹೆಂಗಸೇ ಸಾಮಾನ್ಯವಾಗಿ ಕೈನೆಂಟಿ. ಬೆಳಗಾದರೆ ಅವಳು ನಿಮ್ಮ ಹಿತ್ತಿಲಿಗೆ ಬಂದು ನಿಮ್ಮ ಅಡುಗೆಗೆ ಬೇಕಾದ್ದನ್ನು ಕಿತ್ತುಕೊಡುತ್ತಾಳೆ, ನೀವು ಅವಳ ಹಿತ್ತಿಲಿಗೆ ಹೋಗಿ ಅವಳದನ್ನು ಕಿತ್ತುಕೊಡುತ್ತೀರಿ. ಕಿತ್ತವಳು ತನ್ನ ಪಾಲಿಗೆ ಒಂದು ಹಿಡಿ ಮಡಿಲಿಗೆ ಹಾಕಿಕೊಂಡು ಹೋಗುತ್ತಾಳೆ. ಮಗನಿಗೆ ಹೆಣ್ಣು ನೋಡಲು ಬಂದವರೂ ಮೊದಲು ಕೇಳುವುದು, ‘ಹುಡುಗಿ ಕೈ ಹೆಂಗೆ?’ ಅಂತಲೇ. ಒಬ್ಬಳು ಕೈನೆಂಟಿ ಇರುವಾಗ ಇನ್ನೊಬ್ಬಳು ಆ ಹಿತ್ತಿಲಿಗೆ ಕೈ ಹಾಕುವುದುಂಟೆ? ಅಂಥದ್ದು ನಮ್ಮೂರಲ್ಲಿ ನಡೆದಿಲ್ಲ.

ನನ್ನ ಕೈನೆಂಟಿ ಜವರಮ್ಮ. ನಾವಿಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಅವಳು ಎತ್ತರದ ಆಳು, ಗಟ್ಟಿ ಗಂಟಲು. ನಾನು ಗಿಡ್ಡ, ಆದರೆ ಗಂಟಲಲ್ಲಿ ಕಮ್ಮಿ ಇಲ್ಲ. ನಮ್ಮಿಬ್ಬರ ನಡುವಿನ ಗೋಡೆ ನನ್ನ ಎದೆಮಟ್ಟ, ಅವಳ ಸೊಂಟಮಟ್ಟ. ಮಳೆ ಇರಲಿ ಚಳಿ ಇರಲಿ, ಅವಳು ಬಂದು ನನ್ನ ದಂಟು, ಅವರೆ, ಮೂಲಂಗಿ ಕೀಳದೆ ನನ್ನ ಒಲೆ ಹತ್ತಿದ್ದೇ ಇಲ್ಲ.

ಬ್ರೊಕೊಲಿಯ ಕಥೆ ಶುರುವಾದದ್ದು ನನ್ನ ನಾದಿನಿಯಿಂದ. ಅವಳ ಗಂಡ ದೂರದ ಬೆಟ್ಟದ ಸೀಮೆಯಲ್ಲಿ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದವಳು ಸಾಸಿವೆಯಂಥ ಕಾಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟು, “ಅತ್ಗೆ, ಇದು ಚಿಗುರು ಬ್ರೊಕೊಲಿ. ಕೋಸಿನ ತರ ಒಂದೇ ಗಡ್ಡೆ ಕೊಟ್ಟು ಸುಮ್ನಾಗಲ್ಲ. ನಡುವಿನ ತಲೆ ಕುಯ್ದರೆ ಸುತ್ತ ಚಿಗುರು ಬತ್ತದೆ, ಚಿಗುರು ಕುಯ್ದರೆ ಇನ್ನೂ ಚಿಗುರು ಬತ್ತದೆ. ಕುಯ್ಯೋದು ಬುಟ್ಟರೆ ಮಾತ್ರ ಹಳದಿ ಹೂವು ಬುಟ್ಟು ಕೆಟ್ಟೋಯ್ತದೆ. ಆಮೇಲೆ ಒಂದು ಚಿಗುರೂ ಕೊಡಲ್ಲ,” ಅಂದಿದ್ದಳು.

ಆಷಾಢದ ಗಾಳಿಯಲ್ಲಿ ಹಳೇ ಬಾಂಡ್ಲಿಗೆ ಮಣ್ಣು ತುಂಬಿ ಬೀಜ ಚೆಲ್ಲಿದೆ. ಸಸಿ ಗೇಣುದ್ದ ಆದ ಮೇಲೆ ನೆಲಕ್ಕೆ ಇಳಿಸಿದೆ. ಅದಕ್ಕೆ ಸಡಿಲ ಮಣ್ಣು ಆಗದು, ಬುಡವನ್ನು ಹಿಮ್ಮಡಿಯಲ್ಲಿ ಒದ್ದು ಗಟ್ಟಿ ಮಾಡಬೇಕು; ಎಲೆ ಹಿಡಿದೆಳೆದರೆ ಎಲೆ ಹರಿಯಬೇಕೇ ಹೊರತು ಗಿಡ ಅಲ್ಲಾಡಬಾರದು. ಬೂದಿ ಹಾಕಿದೆ, ಸುಣ್ಣದ ಪುಡಿ ಹಾಕಿದೆ. ಬಿಳಿ ಚಿಟ್ಟೆಗಳು ಬಂದು ಎಲೆಯಡಿ ಮೊಟ್ಟೆ ಇಡಲು ಶುರು ಮಾಡಿದಾಗ ಮನೆಯ ಸೊಳ್ಳೆಪರದೆಯನ್ನೇ ತಂದು ಹೊದಿಸಿದೆ. ನನ್ನ ಗಂಡ ಮರಿಸ್ವಾಮಿ ಆ ಮಳೆಗಾಲ ಪೂರ್ತಿ ಮೈ ಪರಚಿಕೊಂಡೇ ಮಲಗಿದ. “ನಿನ್ನ ಕೋಸಿಗೆ ಸೊಳ್ಳೆ ಕಚ್ತದೆ, ನನಗೆ ಕಚ್ಚಲ್ಲ, ಅಲ್ವ?” ಅಂತ ಕೇಳುತ್ತಿದ್ದ. ಅವನದು ಸೈಕಲ್ ರಿಪೇರಿ ಅಂಗಡಿ. ಮಾತೂ ಆಗಾಗ ಗಾಳಿ ಹೊಡೆದ ಹಾಗೆಯೇ.

ಗಿಡ ಬೆಳೆಯಿತು, ಬೆಳೆಯಿತು, ಸೊಂಟಕ್ಕೆ ಬಂತು. ಬೂದುಹಸಿರಿನ ಎಲೆ ಬಿಟ್ಟರೆ ಇನ್ನೇನೂ ಇಲ್ಲ. ಗಾಳಿಗೆ ವಾಲದಂತೆ ಗೂಟ ನೆಟ್ಟು ಕಟ್ಟಿದೆ. ಬೀದಿಯವರಿಗೆ ನನ್ನ ಹಿತ್ತಿಲು ನಗೆಪಾಟಲಾಯಿತು. ಊರವರೆಲ್ಲ ಅವರೆ ಬಿಡಿಸಿ, ಸೊನೆ ಕೈ ಮೂಸಿಕೊಳ್ಳುವಾಗ ನಾನು ಎಲೆ ತಟ್ಟಿ ನೀರು ಹೊಯ್ಯುತ್ತಿದ್ದೆ. ಜವರಮ್ಮನೂ ನಕ್ಕಳು. “ಏನಮ್ಮಿ ದ್ಯಾವಿ, ಎಲೆ ಸಾಕ್ತಾ ಇದೀಯ? ಹಸಾ ಕಟ್ಕಂಡಿದ್ರೆ ಹಾಲಾದ್ರೂ ಕೊಡ್ತಿತ್ತು!” ನಕ್ಕರೂ ದಿನಾ ಬಂದು ಎಲೆ ಮಗುಚಿ ಹಸಿರು ಹುಳ ಹೆಕ್ಕಿ ಹೊಸಕಿ ಹಾಕುತ್ತಿದ್ದವಳೂ ಅವಳೇ. ಹುಳ ಹೆಕ್ಕಲು ಯಾರ ಕೈಯಾದರೂ ಆದೀತು. ಆದರೆ ಅವಳ ಕಣ್ಣು ಚುರುಕು.

ಇನ್ನೇನು ಪುಷ್ಯದ ಚಳಿ ಗಟ್ಟಿಯಾಗಿ, ಗಿಡಗಳ ನೆತ್ತಿಯಲ್ಲಿ ನೇರಳೆ ಬಣ್ಣದ ಮೊಗ್ಗಿನ ಗಂಟು ಕಾಣಿಸಬೇಕು, ಅಷ್ಟರಲ್ಲಿ ಜಗಳವಾಯಿತು.

ಅವತ್ತು ನಾನೂ ಜವರಮ್ಮನೂ ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿಸುತ್ತಾ ನಿಂತಿದ್ದೆವು. ಹಿಂದಿನ ದಿನ ಜವರಮ್ಮ ಕಿತ್ತುಕೊಟ್ಟ ದಂಟಿನ ಸೊಪ್ಪಿನಲ್ಲಿ ಬಸ್ಸಾರು ಮಾಡಿದ್ದೆ, ಸಪ್ಪೆ ಸಪ್ಪೆ. ಉಪ್ಪು ಹಾಕಿದರೂ ಸಪ್ಪೆ, ಖಾರ ಹಾಕಿದರೂ ಸಪ್ಪೆ. ನನಗಾಗ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಮೂಗು ಕಟ್ಟಿದರೆ ನಾಲಿಗೆಯೂ ಕಟ್ಟುತ್ತದೆ ಅನ್ನುವುದು ಇನ್ನೊಂದೂರಿನ ಹೆಂಗಸಿಗಾದರೆ ಹೊಳೆಯುತ್ತಿತ್ತೇನೋ. ನಮ್ಮೂರವರಿಗೆ ಸಪ್ಪೆ ಅಂದರೆ ಹೊಳೆಯುವುದು ಒಂದೇ. “ಯಾಕೋ ಜವರಿ, ನಿನ್ನ ಕೈಗೆ ವಯಸ್ಸಾಯ್ತು ಅಂತ ಕಾಣ್ತದೆ,” ಅಂದುಬಿಟ್ಟೆ. ಅಷ್ಟು ಹೇಳುವುದಕ್ಕೂ ಕರೆಂಟು ಹೋಗಿ ಗಿರಣಿ ನಿಲ್ಲುವುದಕ್ಕೂ ಸರಿಹೋಯಿತು. ಇದ್ದಬದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ನಮ್ಮೂರಲ್ಲಿ ಗಂಡನನ್ನು ಬೈದರೂ ತಡೆದುಕೊಳ್ಳುತ್ತಾರೆ, ಕೈಯನ್ನು ಅಂದರೆ ತಡೆಯರು. ಜವರಮ್ಮ ಅರ್ಧ ಬೀಸಿದ ಹಿಟ್ಟು ಎತ್ತಿ ತಲೆ ಮೇಲಿಟ್ಟುಕೊಂಡು, “ಹಂಗಾದ್ರೆ ಎಳೇ ಕೈ ಹುಡುಕ್ಕೋ ಹೋಗು,” ಅಂದು ಹೊರಟೇಹೋದಳು. ಮಾರನೇ ಬೆಳಗ್ಗೆ ಬರಲಿಲ್ಲ. ಅದರ ಮಾರನೇ ಬೆಳಗ್ಗೆಯೂ ಬರಲಿಲ್ಲ.

ನೇರಳೆ ತಲೆಗಳು ಮಾತ್ರ ಬಂದವು. ಸೀಬೆಕಾಯಿ ಗಾತ್ರ, ಒತ್ತೊತ್ತಾಗಿ ಮೊಗ್ಗು, ಬೆಳಗಿನ ಇಬ್ಬನಿ ಕೂತು ಮಿಣಮಿಣ. ಇಷ್ಟು ತಿಂಗಳು ಕಾದದ್ದು ಇದಕ್ಕೇ. ಈಗ ಕುಯ್ಯಬೇಕು, ಬಿಟ್ಟರೆ ನಾದಿನಿ ಹೇಳಿದಂತೆ ಹಳದಿ ಹೂವು, ಅಲ್ಲಿಗೆ ಮುಗಿಯಿತು. ನಾನು ಕುಯ್ಯುವಂತಿಲ್ಲ. ಎದುರು ಮನೆಯವಳನ್ನು ಕೇಳಿದೆ. “ಜವರಮ್ಮ ಗಟ್ಟಿಮುಟ್ಟಾಗವಳಲ್ಲಕ್ಕ, ನಾನ್ಯಾಕೆ ಕೈ ಹಾಕ್ಲಿ,” ಅಂದಳು. ಮೂಲೆ ಮನೆಯವಳು, “ಹೋಗಿ ಒಂದು ಮಾತು ಕೇಳ್ಬುಡು, ಅವಳೇ ಬತ್ತಾಳೆ,” ಅಂದಳು. ಕೇಳುವುದೆಂದರೆ ನನ್ನ ಮಾತು ನಾನು ನುಂಗಿಕೊಳ್ಳುವುದು. ಅದಾಗದು.

ಆಗ ಮರಿಸ್ವಾಮಿ ಒಂದು ಉಪಾಯ ಹೇಳಿದ. “ಒಂದೇ ಒಲೆಯೋರು ಕುಯ್ಯಂಗಿಲ್ಲ ತಾನೆ? ನಾನು ಬೇರೆ ಒಲೆ ಹೂಡ್ತೀನಿ. ನಾಕು ದಿನ ಬೇರೆ ಉಣ್ತೀನಿ. ಆಗ ನಾನು ಹೊರಗಿನೋನು.” ನನಗೂ ಸರಿ ಅನ್ನಿಸಿತು. ಜಗುಲಿ ಪಕ್ಕ ಕಲ್ಲು ಜೋಡಿಸಿ ಒಲೆ ಹೂಡಿದ. ಮುದ್ದೆ ಕಟ್ಟಲು ಹೋಗಿ ಗಂಟು ಗಂಟು ಅಂಬಲಿ ಮಾಡಿಕೊಂಡ. ಬೀದಿಯವರು ಬಂದು, “ಏನು ಸ್ವಾಮಣ್ಣ, ಮನೆ ಪಾಲಾಯ್ತಾ?” ಅಂತ ಕೇಳಿದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಹೇಳಿದ ದಿನ ಕಳೆದ ಮೇಲೆ ಒಂದು ಗಿಡದ ತಲೆಯನ್ನು ಕುಯ್ದುಕೊಟ್ಟ. ನಾನು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಬಾಡಿಸಿ ಬಾಯಿಗಿಟ್ಟೆ. ಒದ್ದೆ ಹತ್ತಿ!

“ನನ್ನ ಒಲೇದು ಏನಾದ್ರೂ ತಿಂದ್ರಾ?”

“ನಾನ್ಯಾಕೆ ತಿನ್ಲಿ?”

“ಕಣ್ಣು ನೋಡಿ ಹೇಳಿ ಕಣಿ.”

“ನೀನು ನೀರಿಗೆ ಹೋದಾಗ ಚೂರು ಸಾರು… ಚೂರೇ ಚೂರು ಕಣಮ್ಮಿ. ವಾಸನೆ ಬಂತು.”

ಒಂದು ಗಿಡದ ತಲೆ ದಂಡವಾಯಿತು. ಅವನ ಒಲೆಯ ಕಲ್ಲುಗಳನ್ನು ಅವತ್ತೇ ಕಿತ್ತೆಸೆದೆ.

ಮಾತು ಆಡದಿದ್ದರೂ ಗೋಡೆಯಾಚೆ ಏನು ನಡೆಯುತ್ತಿದೆ ಅನ್ನುವುದು ನನಗೆ ಕಾಣುತ್ತಿತ್ತು. ಜವರಮ್ಮನ ಬದನೆ ಗಿಡಗಳಲ್ಲಿ ಕಾಯಿ ಬಲಿತು, ಸಿಪ್ಪೆ ಹಳದಿಗಿಟ್ಟು, ಬೀಜವಾಗಿ ನೇತಾಡುತ್ತಿದ್ದವು. ಹೊಸ ಹೂವು ಬಿಡುವುದು ನಿಂತಿತ್ತು. ಅವಳ ಕೈನೆಂಟಿ ನಾನಲ್ಲವೆ? ಅವಳೂ ಸಂತೆಯಿಂದ ತಂದೇ ಉಣ್ಣುತ್ತಿದ್ದಳು. ಆ ಬದನೆಗಳನ್ನು ನೋಡುತ್ತಾ ನಿಂತಾಗಲೇ ನನಗೊಂದು ಯೋಚನೆ ಬಂದದ್ದು. ಜವರಮ್ಮ ಬೇಡಿದರೆ ಬರುವವಳಲ್ಲ, ಹೊಗಳಿದರೆ ಬರುವವಳಲ್ಲ. ಆದರೆ ಸಿಟ್ಟು ಬಂದರೆ ಅವಳನ್ನು ಹಿಡಿಯುವ ಗೋಡೆ ಈ ಊರಲ್ಲಿಲ್ಲ. ಅವಳಿಗೆ ಸಿಟ್ಟು ಬರಿಸಬೇಕು, ಆ ಸಿಟ್ಟು ನನ್ನ ಬ್ರೊಕೊಲಿಯ ಮೇಲೆ ತಿರುಗಬೇಕು. ನಡುವಿನ ತಲೆ ಹಾರಿಸಿದರೆ ಗಿಡಕ್ಕೆ ಒಳ್ಳೆಯದು ಅನ್ನುವುದು ಅವಳಿಗೇನು ಗೊತ್ತು? ನಾದಿನಿ ಅದನ್ನು ನನ್ನ ಕಿವಿಗೆ ಹೇಳಿದ್ದು.

ಅವಳು ಬಟ್ಟೆ ಒಗೆಯಲು ಹೊಳೆಗೆ ಹೋದ ಹೊತ್ತು ನೋಡಿ, ಸ್ಟೂಲು ಹಾಕಿಕೊಂಡು ಗೋಡೆ ಹಾರಿದೆ. ಎಳೆಯವು, ಬಲಿತವು, ಎಲ್ಲವನ್ನೂ ಕಿತ್ತು ಮಡಿಲು ತುಂಬಿಕೊಂಡೆ. ಒಂದೆರಡು ಬದನೆಯನ್ನು ಬೇಕೆಂತಲೇ ಗೋಡೆ ಮೇಲೆ ಬಿಟ್ಟೆ, ಕಳ್ಳಿ ಯಾರೆಂದು ಹುಡುಕುವ ಶ್ರಮ ಅವಳಿಗ್ಯಾಕೆ ಅಂತ. ಮಧ್ಯಾಹ್ನ ಎಳೆಯ ಕಾಯಿಗಳ ಎಣ್ಣೆಗಾಯಿ ತಿಂದು ಮರಿಸ್ವಾಮಿ ಕಣ್ಣು ಮುಚ್ಚಿಕೊಂಡು, “ರಾಜಿಯಾಯ್ತಾ?” ಅಂದ.

“ಇಲ್ಲ. ಕದ್ದೆ.”

ಅವನು ಕಣ್ಣು ಬಿಟ್ಟ. ಅಷ್ಟರಲ್ಲಿ ಗೋಡೆಯಾಚೆಯಿಂದ ಶುರುವಾಯಿತು. “ಯಾವಳೇ ಅವಳು! ನನ್ನ ಕೈಗೆ ವಯಸ್ಸಾಯ್ತು ಅಂದೋಳು ನನ್ನ ಗಿಡಕ್ಕೆ ಕೈ ಹಾಕಿದಾಳೆ! ನಾಚಿಕೆ ಮಾನ ಮರ್ಯಾದೆ ಏನಾದ್ರೂ ಐತಾ? ಇರು, ಇರು, ನಿನ್ನ ಆ ನೇರಳೆ ಗೊಂಬೆಗಳಿಗೆ ಏನು ಮಾಡ್ತೀನಿ ನೋಡು!” ಅಂದವಳೇ ಕುಡುಗೋಲು ಹಿಡಿದು, ಸೀರೆ ಎತ್ತಿಕಟ್ಟಿ, ನಮ್ಮ ಗೋಡೆ ದಾಟಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಸೊಳ್ಳೆಪರದೆ ಎತ್ತಿ ಎಸೆದಳು. ಒಂದೊಂದು ಗಿಡದ ಮುಂದೆಯೂ ನಿಂತು, ತಲೆಯನ್ನು ಎಡಗೈಯಲ್ಲಿ ಹಿಡಿದು, ಕಚಕ್ ಅಂತ ಕುಯ್ದು ನೆಲಕ್ಕೆ ಒಗೆದಳು. ಅಳತೆ ಇಟ್ಟ ಹಾಗೆ, ಒಂದು ಗೇಣು ದಂಟಿನೊಡನೆ, ಓರೆಯಾಗಿ. ಸಿಟ್ಟಿನಲ್ಲೂ ಆ ಕೈ ಎಷ್ಟು ನೇರ!

ಮರಿಸ್ವಾಮಿ ಓಡಲು ಎದ್ದ. ನಾನು ಅವನ ಅಂಗಿ ಹಿಡಿದೆಳೆದು ಕೂರಿಸಿ, ಸೆರಗು ಬಾಯಿಗೆ ತುರುಕಿಕೊಂಡು ನಗು ನಿಲ್ಲಿಸಿ, ಆಮೇಲೆ ಹೊರಗೆ ಓಡಿದೆ. “ಅಯ್ಯಯ್ಯೋ! ನನ್ನ ಮಕ್ಕಳ ಹಂಗೆ ಸಾಕಿದ್ನಲ್ಲಪ್ಪೋ! ತಲೇನೇ ತೆಗೆದ್ಲಲ್ಲಪ್ಪೋ!” ಎದೆ ಬಡಿದುಕೊಂಡೆ. ಜವರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ಸ್ವಲ್ಪ ಹೊತ್ತು ನೋಡಿದಳು. ಕೊನೆಯ ತಲೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಗೋಡೆ ದಾಟಿ ಹೋದಳು.

ಸಿಟ್ಟಿನ ಕೈಗೆ ರುಚಿ ಬರುತ್ತದೋ ಇಲ್ಲವೋ ಅನ್ನುವ ಹೆದರಿಕೆ ನನಗಿತ್ತು. ನೆಲದ ಮೇಲೆ ಬಿದ್ದವನ್ನು ಆರಿಸಿ ತೊಳೆದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಬಾಡಿಸಿದೆ. ನೇರಳೆ ಬಣ್ಣ ಬಿಸಿ ತಾಗಿದ್ದೇ ಹಸಿರಾಯಿತು. ಬಾಯಿಗಿಟ್ಟೆ. ಸಿಹಿ, ಅದರ ಹಿಂದೆಯೇ ಸಾಸಿವೆಯ ಚಿಟಿಕೆ ಖಾರ. ನಾನೂ ಮರಿಸ್ವಾಮಿಯೂ ಬಾಣಲೆಯನ್ನೇ ನಡುವೆ ಇಟ್ಟುಕೊಂಡು ಖಾಲಿ ಮಾಡಿದೆವು.

ಆಮೇಲೆ ಗಿಡಗಳು ಹುಚ್ಚೆದ್ದವು. ಎಲೆ ಎಲೆಯ ಕಂಕುಳಲ್ಲೂ ಚಿಗುರು, ಚಿಗುರಿನ ತುದಿಯಲ್ಲೆಲ್ಲ ಬೆರಳಿನಷ್ಟು ನೇರಳೆ ಮೊಗ್ಗು. ನಾದಿನಿಯ ಮಾತು ನಿಜವಾಯಿತು, ಜೊತೆಗೆ ನನ್ನ ತೊಂದರೆಯೂ ದೊಡ್ಡದಾಯಿತು. ತಲೆ ಕುಯ್ಯಲು ಒಂದು ಸಿಟ್ಟು ಸಾಕಾಗಿತ್ತು. ಈ ಚಿಗುರನ್ನು ದಿನ ಬಿಟ್ಟು ದಿನ ಕುಯ್ಯಬೇಕು. ದಿನ ಬಿಟ್ಟು ದಿನ ಜವರಮ್ಮನಿಗೆ ಸಿಟ್ಟು ಬರಿಸುವುದೆಂದರೆ ಸುಲಭದ ಕೆಲಸವೆ?

ಮಾಡಿದೆ. ಅವಳ ಮೆಣಸಿನಕಾಯಿ ಕದ್ದೆ, ಅವಳ ಹೀರೆ ಕದ್ದೆ, ಒಂದು ದಿನ ಕದಿಯಲು ಏನೂ ಸಿಗದೆ ಕರಿಬೇವನ್ನು ಬೋಳಿಸಿದೆ. ಪ್ರತಿ ಸಲವೂ ಅವಳು ಕೂಗಾಡಿಕೊಂಡು ಕುಡುಗೋಲು ಹಿಡಿದು ಗೋಡೆ ದಾಟುತ್ತಿದ್ದಳು, ಚಿಗುರನ್ನೆಲ್ಲ ಕುಯ್ದು ಒಗೆಯುತ್ತಿದ್ದಳು, ನಾನು ಎದೆ ಬಡಿದುಕೊಂಡು ಅಳುತ್ತಿದ್ದೆ. ಒಂದು ಹಿಡಿ ಮಡಿಲಿಗೆ ಹಾಕಿಕೊಂಡು ಅವಳು ಹೋಗುತ್ತಿದ್ದಳು. ಅಳುವುದರಲ್ಲಿ ನಾನು ದಿನದಿಂದ ದಿನಕ್ಕೆ ಪಳಗಿದೆ. ಮೊದಮೊದಲು ‘ಅಯ್ಯಯ್ಯೋ’ ಮಾತ್ರ ಇತ್ತು. ಆಮೇಲೆ ರಾಗ ಬಂತು, ಮಣ್ಣಿನ ಮೇಲೆ ಕೂರುವುದು ಬಂತು. ಎದುರು ಮನೆಯವಳು, ಮೂಲೆ ಮನೆಯವಳು, ಸೊಪ್ಪು ಮಾರುವವಳು, ಎಲ್ಲ ಬೇಲಿ ಹತ್ತಿರ ಬಂದು ನಿಂತು ಪಾಪ ಪಾಪ ಅನ್ನುತ್ತಿದ್ದರು. ಊರಿಗೆಲ್ಲ ಮಂಕುಬೂದಿ ಎರಚಿದೆ ಅಂತ ನನಗೆ ಹೆಮ್ಮೆ. ಒಲೆ ಮೇಲೆ ದಿನಾ ಬ್ರೊಕೊಲಿ: ಹುಳಿ, ಪಲ್ಯ, ಕಡಲೆಹಿಟ್ಟಿನಲ್ಲಿ ಅದ್ದಿದ ಬೋಂಡ.

ಒಂದು ಬೆಳಗ್ಗೆ ನನ್ನ ಗಂಟಲು ಕಟ್ಟಿಹೋಗಿತ್ತು. ಅತ್ತು ಅತ್ತು ಕಟ್ಟಿದ್ದು. ಹಿಂದಿನ ಸಂಜೆ ಜವರಮ್ಮನ ಟೊಮೇಟೊ ಕದ್ದು ಆಗಿತ್ತು, ಅವಳು ಬರಬೇಕಾದ ಹೊತ್ತಾಗಿತ್ತು. ಬರಲಿಲ್ಲ. ನಾನು ಹಿತ್ತಿಲಿಗೆ ಹೋಗಿ ನೋಡಿದೆ. ಅವಳು ಗೋಡೆಯ ಆಚೆ, ಎರಡೂ ಮೊಣಕೈ ಗೋಡೆ ಮೇಲೆ ಊರಿಕೊಂಡು ನಿಂತಿದ್ದಳು. ಕುಡುಗೋಲು ಗೋಡೆ ಮೇಲೆ ಮಲಗಿತ್ತು.

“ಯಾಕಮ್ಮಿ ದ್ಯಾವಿ, ಇವತ್ತು ಅಳಲ್ವ?”

ನಾನು ಬಾಯಿ ತೆರೆದೆ. ಸ್ವರವೇ ಬರಲಿಲ್ಲ.

“ನೀನು ಅಳೋದು ಶುರು ಮಾಡು, ಆಮೇಲೆ ಕುಯ್ತೀನಿ. ಒಲೆ ಮೇಲೆ ಎಸರಿಟ್ಟು ಬಂದಿದೀನಿ, ಬೇಗ.”

“ನಿಂಗೆ…” ಅಂದೆ. ಗಂಟಲಿಂದ ಗಾಳಿ ಮಾತ್ರ ಬಂತು. “ನಿಂಗೆ ಯಾವಾಗ ಗೊತ್ತಾಯ್ತು?”

“ಮೊದಲ್ನೇ ದಿನವೇ. ಮಕ್ಕಳಂಗೆ ಸಾಕಿದ ಗಿಡದ ತಲೆ ಹಾರಿಸ್ತಾ ಇದ್ರೆ ನೀನು ಕಿಟಕೀಲಿ ನಗ್ತಾ ಇದ್ದೆ. ಕಿಟಕಿಗೆ ಪರದೆ ಹಾಕ್ಸು. ನಿನ್ನ ಸೊಳ್ಳೆಪರದೆಯಾದ್ರೂ ಸರಿ.”

ಬೇಲಿಯಾಚೆ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದರೆ ಎದುರು ಮನೆಯವಳು. ಅವಳ ಹಿಂದೆ ಮೂಲೆ ಮನೆಯವಳು, ಸೊಪ್ಪಿನ ಬುಟ್ಟಿ ಇಳಿಸಿಕೊಂಡು ಕೂತ ಸೊಪ್ಪಿನವಳು. ಅಷ್ಟು ದಿನ ಪಾಪ ಪಾಪ ಅಂದವರು! ನನ್ನ ಮುಖ ಬಿಸಿಯಾಯಿತು.

“ಸರಿ, ಕುಯ್ಯಿ ಮತ್ತೆ,” ಅಂದೆ. ಕೆಲವು ಚಿಗುರುಗಳ ತುದಿಯಲ್ಲಿ ಆಗಲೇ ಹಳದಿ ಕಾಣುತ್ತಿತ್ತು. ಇವತ್ತು ತಪ್ಪಿದರೆ ನಾಳೆ ಹಿತ್ತಿಲ ತುಂಬ ಹೂವು, ಆಮೇಲೆ ಬರೀ ಕಡ್ಡಿ.

“ಕುಯ್ಯಲ್ಲ. ವಯಸ್ಸಾದ ಕೈ, ನಡುಗ್ತದೆ.”

“ಜವರಿ…”

“ಏನು?”

“ಹಂಗೆಲ್ಲ ಏನಿಲ್ಲ, ಚೆನ್ನಾಗೇ ಐತೆ.”

“ಏನು ಚೆನ್ನಾಗೈತೆ? ಗೋಡೇನಾ?”

“ಕೈ.”

“ಯಾರ ಕೈ? ಗಂಟಲು ಕಟ್ಟದೆ ಅಂತ ನೆಪ ಹೇಳ್ಬೇಡ. ಬೀದಿಗೆ ಕೇಳ್ಬೇಕು.”

ನಾನು ಗಿಡಗಳನ್ನು ನೋಡಿದೆ. ಆಷಾಢದಿಂದ ಒದ್ದು, ಕಟ್ಟಿ, ಹುಳ ಹೆಕ್ಕಿಸಿಕೊಂಡು ನಿಂತವು. ಒಂದು ಹಳದಿ ಹೂವು ನಾನು ನೋಡುತ್ತಿದ್ದಂತೆಯೇ ಅರಳಿತೋ ಏನೋ, ಜೇನೊಂದು ಬಂದು ಕೂತಿತು. ಕಟ್ಟಿದ ಗಂಟಲನ್ನೇ ಹರಿದುಕೊಂಡು ಕೂಗಿದೆ: “ಜವರಮ್ಮನ ಕೈ ಚೆನ್ನಾಗೈತೆ! ಈ ಬೀದೀಲೇ ಚೆನ್ನಾಗೈತೆ! ಅವತ್ತು ನಂಗೆ ನೆಗಡಿಯಾಗಿತ್ತು!” ಕಾಗೆಯ ಸ್ವರ, ಆದರೂ ಸೈಕಲ್ ಅಂಗಡಿಯವರೆಗೂ ಹೋಯಿತು. ಮರಿಸ್ವಾಮಿ ಕೈಯಲ್ಲಿ ಟ್ಯೂಬು ಹಿಡಿದೇ ಓಡಿಬಂದ. “ಏನಾಯ್ತು? ಯಾರಿಗೆ ನೆಗಡಿ?” ಅಂದ. ಬೇಲಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ಬಗ್ಗಿಹೋದರು.

ಜವರಮ್ಮ ನಗಲಿಲ್ಲ. ಕುಡುಗೋಲು ಎತ್ತಿಕೊಂಡು ಗೋಡೆ ದಾಟಿ ಬಂದಳು. ಮೊದಲು ಹಳದಿಗೆ ತಿರುಗಿದ್ದನ್ನು, ಆಮೇಲೆ ನೇರಳೆಯದನ್ನು, ಒಂದೊಂದಾಗಿ ಕುಯ್ದು ಈ ಸಲ ನೆಲಕ್ಕೆ ಒಗೆಯದೆ ನನ್ನ ಮೊರಕ್ಕೆ ಹಾಕಿದಳು. ಕುಯ್ಯುತ್ತಾ ಬುಡವನ್ನು ಹಿಮ್ಮಡಿಯಲ್ಲಿ ಒತ್ತಿ ನೋಡಿದಳು, ಸಡಿಲವಾದ ಗೂಟವನ್ನು ಬಿಗಿದಳು. ಎಲ್ಲ ಮುಗಿದ ಮೇಲೆ ತನ್ನ ಹಿಡಿಯನ್ನು ಮಡಿಲಿಗೆ ಹಾಕಿಕೊಂಡು, “ನಿನ್ನ ಈ ಬೆಟ್ಟದ ಕೋಸು ಸಾರಿಗೆ ಚೆನ್ನಾಗಿಲ್ಲ ಕಣೆ, ಬೋಂಡಕ್ಕೆ ಆಯ್ತದೆ,” ಅಂದಳು.

“ಬೋಂಡ ಮಾಡಿದ್ದು ನಿಂಗೆ ಹೆಂಗೆ ಗೊತ್ತು?”

“ನಿನ್ನ ಗಂಡ ಕೊಟ್ಟ.”

ಮರಿಸ್ವಾಮಿ ಟ್ಯೂಬು ನೋಡುತ್ತಾ ನಿಂತಿದ್ದ.

“ಹಂಗಾದ್ರೆ ನಾಳೆಯಿಂದ ನಿನ್ನ ಹಿತ್ತಿಲಿಗೆ ನಾನು ಬರ್ತೀನಿ,” ಅಂದೆ. “ಬೆಳಗ್ಗೆ ಎದ್ದು, ಬಾಗಿಲಿಂದಲೇ. ಬದನೆ ಹೂವು ಬಿಟ್ಟಿರ್ಬೇಕಲ್ಲ.”

“ಮೈ ತುಂಬ ಬಿಟ್ಟದೆ. ನೀನು ಕದ್ದ ಮೇಲೇ ಬಿಟ್ಟಿದ್ದು.” ಗೋಡೆ ದಾಟಿ ತನ್ನ ಕಡೆ ಇಳಿದವಳು ಏನೋ ಕಳೆದುಕೊಂಡವಳ ಹಾಗೆ ತಿರುಗಿ ನೋಡಿದಳು. “ಬಾಗಿಲಿಂದ ಬ್ಯಾಡ ಕಣಮ್ಮಿ. ಕದಿಯೋಕೆ ಬಂದಂಗೇ ಬಾ. ಇಷ್ಟು ದಿನ ಕೂಗಾಡಿ ಕೂಗಾಡಿ ಅಭ್ಯಾಸ ಆಗೋಗದೆ, ಕೂಗಾಡದಿದ್ರೆ ಬೆಳಗೇ ಆದಂಗಿರಲ್ಲ.”

“ಈಗಲೇ ಬರ್ಲಾ?”

“ಒಂದೆರಡು ಬಲಿತವು ಅವೆ.”

ನಾನು ಮೊರ ಕೆಳಗಿಟ್ಟು ಸ್ಟೂಲು ಎಳೆದುಕೊಂಡೆ. ಬೇಲಿಯ ಹೆಂಗಸರು ಇನ್ನಷ್ಟು ಹತ್ತಿರ ಸರಿದರು. ಸೊಪ್ಪಿನವಳು ಎದುರು ಮನೆಯವಳಿಗೂ ಜಾಗ ಬಿಟ್ಟಳು. ನಾನು ಸೀರೆ ಎತ್ತಿಕಟ್ಟಿ ಗೋಡೆಯ ಮೇಲೆ ಕಾಲು ಹಾಕಿದೆ. ಆಚೆ ಜವರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡಳು.